‘ನಾಟಿಂಗ್ ಹಿಲ್’ ಚಿತ್ರದಲ್ಲಿ ನಾಟಿಂಗ್ ಹಿಲ್ ಜನ ಎಷ್ಟಿದ್ದಾರೆ? ದೃಶ್ಯ ಹಿಡಿದು ಎಣಿಸೋಣ

ಪರದೆಪಕ್ಕ

1999ರ ‘ನಾಟಿಂಗ್ ಹಿಲ್’ ಮಾತು ಬಂದಾಗಲೆಲ್ಲ ಎರಡು ವಾಕ್ಯ ಎದುರುಬದುರು ನಿಲ್ಲುತ್ತವೆ. ಒಂದು, ‘ಅದರಲ್ಲಿ ಕಪ್ಪು ಜನರೇ ಇಲ್ಲ.’ ಇನ್ನೊಂದು, ‘ಇದ್ದಾರಲ್ಲ, ಸಂತೆಯಲ್ಲಿ ಓಡಾಡ್ತಾರೆ, ಸರಿಯಾಗಿ ನೋಡಿ.’ ಎರಡೂ ಕಡೆಯವರು ಎಣಿಸಿ ಹೇಳುವುದಿಲ್ಲ. ಈ ಎಳೆಯಲ್ಲಿ ದೃಶ್ಯ ಹಿಡಿದು ಮಾತಾಡೋಣ. ಯಾವ ಶಾಟ್, ಯಾವ ಪಾತ್ರ, ಚಿತ್ರ ತಯಾರಾಗುವ ಯಾವ ಹಂತದಲ್ಲಿ ಯಾರು ಬಿಟ್ಟುಹೋದರು ಅಂತ.

ಊರಿನ ಹಿನ್ನೆಲೆ ಗೊತ್ತಿಲ್ಲದಿದ್ದರೆ ಈ ದೂರು ಯಾಕೆ ಎದ್ದಿತು ಅನ್ನುವುದೇ ತಿಳಿಯುವುದಿಲ್ಲ. 1948ರ ನಂತರ ಕೆರಿಬಿಯನ್ ದ್ವೀಪಗಳಿಂದ ಲಂಡನ್ನಿಗೆ ಬಂದವರಿಗೆ ಬಾಡಿಗೆ ಮನೆ ಸಿಕ್ಕ ಕೆಲವೇ ಬಡಾವಣೆಗಳಲ್ಲಿ ನಾಟಿಂಗ್ ಹಿಲ್ ಒಂದು. 1958ರಲ್ಲಿ ಬಿಳಿಯ ಯುವಕರ ಗುಂಪುಗಳು ಅವರ ಮನೆಗಳ ಮೇಲೆ ದಿನಗಟ್ಟಲೆ ದಾಳಿ ಮಾಡಿದವು. ಮರುವರ್ಷ ಮೇ ತಿಂಗಳಲ್ಲಿ ಆಂಟಿಗುವಾದಿಂದ ಬಂದಿದ್ದ ಬಡಗಿ ಕೆಲ್ಸೊ ಕಾಕ್ರೇನ್ ಅವರನ್ನು ಬೀದಿಯಲ್ಲೇ ಇರಿದು ಕೊಂದರು. ಅದೇ 1959ರ ಜನವರಿಯಲ್ಲಿ ಕ್ಲಾಡಿಯಾ ಜೋನ್ಸ್ ಸೇಂಟ್ ಪ್ಯಾಂಕ್ರಸ್ ಟೌನ್ ಹಾಲಿನೊಳಗೆ ಕೆರಿಬಿಯನ್ ಕಾರ್ನಿವಲ್ ನಡೆಸಿದ್ದರು. 1966ರಲ್ಲಿ ಹಬ್ಬ ನಾಟಿಂಗ್ ಹಿಲ್ಲಿನ ಬೀದಿಗೇ ಇಳಿಯಿತು. ಇವತ್ತಿಗೂ ಆಗಸ್ಟ್ ಕೊನೆಯ ವಾರಾಂತ್ಯ ಆ ಬಡಾವಣೆಯ ಹೆಸರು ಜಗತ್ತಿಗೆ ಕೇಳಿಸುವುದು ಕಾರ್ನಿವಲ್ ಕಾರಣಕ್ಕೆ.

ಈಗ ಚಿತ್ರ. ನಾಯಕ ವಿಲಿಯಂ ಥ್ಯಾಕರ್ ಪ್ರವಾಸದ ಪುಸ್ತಕದಂಗಡಿ ಇಟ್ಟವನು. ಅವನ ನೀಲಿ ಬಾಗಿಲಿನ ಮನೆ 280, ವೆಸ್ಟ್‌ಬೋರ್ನ್ ಪಾರ್ಕ್ ರಸ್ತೆ. ಚಿತ್ರಕಥೆ ಬರೆದ ರಿಚರ್ಡ್ ಕರ್ಟಿಸ್ ಅವರದೇ ಮನೆ ಅದು. ಅಲ್ಲಿಂದ ಆಲ್ ಸೇಂಟ್ಸ್ ರಸ್ತೆಗೆ ನಡೆದರೆ ಕೆಲವೇ ನಿಮಿಷ. ಆ ರಸ್ತೆಯ 8ನೇ ನಂಬರಿನಲ್ಲಿ ಫ್ರಾಂಕ್ ಕ್ರಿಚ್ಲೋ 1968ರಲ್ಲಿ ಮ್ಯಾಂಗ್ರೋವ್ ಹೋಟೆಲ್ ತೆರೆದರು, ಅದು ಊರಿನ ಕಪ್ಪು ಜನ ಸೇರುವ ಜಾಗವಾಯಿತು. ಪೊಲೀಸರ ಮೇಲಿಂದ ಮೇಲಿನ ದಾಳಿ, 1970ರ ಮೆರವಣಿಗೆ, 1971ರ ಓಲ್ಡ್ ಬೇಲಿ ಕೋರ್ಟಿನ ವಿಚಾರಣೆ ಎಲ್ಲವೂ ಆ ಹೋಟೆಲ್ ಸುತ್ತಲೇ ನಡೆದದ್ದು. ಅಂದರೆ ಬರೆದವರಿಗೆ ಊರು ಗೊತ್ತಿರಲಿಲ್ಲ ಅನ್ನುವಂತಿಲ್ಲ.

ಚಿತ್ರ ಊರಿನ ಪರಿಚಯದಿಂದಲೇ ಶುರುವಾಗುತ್ತದೆ. ವಿಲಿಯಂ ದನಿ ಪೋರ್ಟೊಬೆಲ್ಲೊ ರಸ್ತೆಯ ಹಣ್ಣು ತರಕಾರಿ, ಹಚ್ಚೆ ಅಂಗಡಿ, ಕೂದಲಿಗೆ ನೀಲಿ ಬಣ್ಣ ಬಳಿಯುವ ಸಲೂನ್, ವಾರಾಂತ್ಯದ ಹಳೆ ಸಾಮಾನಿನ ಮಳಿಗೆಗಳನ್ನೆಲ್ಲ ಹೆಸರಿಸುತ್ತದೆ. ಕಾರ್ನಿವಲ್ ಹೆಸರು ಬರುವುದಿಲ್ಲ. ಕಥೆ ಒಂದು ವರ್ಷಕ್ಕೂ ಮೀರಿ ಸಾಗಿದರೂ ಆಗಸ್ಟ್ ಕೊನೆಯ ವಾರಾಂತ್ಯ ಆ ವರ್ಷದಲ್ಲಿ ಇಲ್ಲ.

ಕತ್ತರಿಮೇಜು

ಎಣಿಕೆಗೆ ಮೊದಲು ಒಂದೇ ಒಂದು ಶಾಟ್ ನೋಡೋಣ, ಯಾಕೆಂದರೆ ವಾದ ಪೂರ್ತಿ ಅದರೊಳಗೇ ಇದೆ. ವಿಲಿಯಂ ಪ್ರೀತಿಸುವ ಸಿನಿಮಾ ತಾರೆ ಅನ್ನಾ ಹೊರಟುಹೋದ ಮೇಲೆ ಅವನು ಪೋರ್ಟೊಬೆಲ್ಲೊ ಸಂತೆಯ ಉದ್ದಕ್ಕೂ ನಡೆಯುತ್ತಾನೆ. ಅವನು ನಡೆದಂತೆ ಋತು ಬದಲಾಗುತ್ತದೆ. ಮಳೆ ಬರುತ್ತದೆ, ಹಿಮ ಬೀಳುತ್ತದೆ, ಮತ್ತೆ ಬಿಸಿಲು. ಒಂದೇ ಉಸಿರಿನ ಶಾಟ್ ಹಾಗೆ ಕಂಡರೂ ಅದು ಬೇರೆ ಬೇರೆ ತುಣುಕುಗಳನ್ನು ಬೆಸುಗೆ ಕಾಣದಂತೆ ಸೇರಿಸಿದ್ದು. ಯಾರಾದರೂ ಅಡ್ಡ ಹಾದಾಗ, ಕಂಬವೋ ಮಳಿಗೆಯೋ ಫ್ರೇಮ್ ತುಂಬಿದಾಗ ಇಂಥ ಬೆಸುಗೆ ಹಾಕುವುದು ಸಂಕಲನದ ಹಳೆಯ ಪಾಠ.

ಶಾಟ್ ಶುರುವಾದಾಗ ಒಬ್ಬ ಬಸುರಿ ಕಾಣುತ್ತಾಳೆ, ಕೊನೆಯಲ್ಲಿ ಅದೇ ಹೆಂಗಸಿನ ತೋಳಿನಲ್ಲಿ ಮಗು. ವಿಲಿಯಂನ ತಂಗಿ ಹನಿ ಶುರುವಿನಲ್ಲಿ ಹೊಸ ಗೆಳೆಯನ ಜೊತೆ ನಗುತ್ತಿರುತ್ತಾಳೆ, ಕೊನೆಗೆ ಅವನ ಜೊತೆ ಜಗಳ. ಆ ಬಸುರಿಗೆ ಹೆಸರಿಲ್ಲ, ಮಾತಿಲ್ಲ, ಪರದೆಯ ಮೇಲೆ ಇರುವುದು ಕೆಲವು ಸೆಕೆಂಡು. ಆದರೂ ಒಂದು ವರ್ಷದ ಬದುಕು ಅವಳಿಗೆ ಸಿಕ್ಕಿದೆ. ಹಿನ್ನೆಲೆಯವರಿಗೆ, ಅಂದರೆ ನಮ್ಮ ಗಾಂಧಿನಗರದ ಮಾತಿನಲ್ಲಿ ಜೂನಿಯರ್ ಆರ್ಟಿಸ್ಟ್‌ಗಳಿಗೆ, ಕಥೆ ಕೊಡುವುದು ಈ ತಂಡಕ್ಕೆ ಚೆನ್ನಾಗಿ ಬರುತ್ತಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ. ಯಾರಿಗೆ ಕೊಟ್ಟರು ಅನ್ನುವುದಷ್ಟೇ ಪ್ರಶ್ನೆ.

ಇನ್ನು ಆ ನಡಿಗೆಯ ಉದ್ದಕ್ಕೂ ಕೇಳುವ ದನಿ ಬಿಲ್ ವಿದರ್ಸ್ ಅವರದು, ಅಮೆರಿಕದ ಕಪ್ಪು ಗಾಯಕ. ಇಡೀ ಚಿತ್ರದ ಅತಿ ದೊಡ್ಡ ವಿರಹವನ್ನು ಹೊತ್ತ ದನಿ ಅದು. ದನಿಪಟ್ಟಿಯಲ್ಲಿ ಸಿಕ್ಕ ಜಾಗ ಬೀದಿಯಲ್ಲಿ ಸಿಗಲಿಲ್ಲ. ನನಗೆ ನಿಜವಾಗಿ ನೋವಾಗುವುದು ಇಲ್ಲಿ.

ಮೂರನೇಸಾಲು

ಪರದೆಪಕ್ಕ ಅವರೇ, ನಿಮ್ಮ ಇತಿಹಾಸ ಸರಿ. ಆದರೂ ಒಂದು ಆಕ್ಷೇಪ ಇದೆ. ತೊಂಬತ್ತರ ದಶಕದ ಹೊತ್ತಿಗೆ ಆ ಬಡಾವಣೆಗೆ ದುಡ್ಡಿದ್ದವರು ಬಂದಾಗಿತ್ತು. ವಿಲಿಯಂ ಬಳಗವೂ ಅಂಥದ್ದೇ: ಕಾಲೇಜಿನ ಹಳೆಯ ಗೆಳೆಯರು, ಷೇರುಪೇಟೆಯಲ್ಲಿ ದುಡಿಯುವ ಬರ್ನಿ, ಸ್ವಂತ ಹೋಟೆಲ್ ತೆಗೆದ ಟೋನಿ. ಅಂಥ ಬಳಗ ಪೂರ್ತಿ ಬಿಳಿಯರದೇ ಆಗಿರುವುದು ಆ ಕಾಲದ ಲಂಡನ್ನಿನಲ್ಲಿ ಸಹಜ. ಇರುವುದನ್ನು ಇದ್ದ ಹಾಗೆ ತೋರಿಸಿದ್ದಕ್ಕೆ ಬರಹಗಾರನನ್ನು ದೂರಬೇಕೆ? ಬೇಲಿ ಹಾರಿ ತೋಟಕ್ಕೆ ಇಳಿಯುವ ದೃಶ್ಯ ನೋಡಿ. ಅದು ಸುತ್ತಲಿನ ಮನೆಯವರಿಗೆ ಮಾತ್ರ ಬೀಗದ ಕೈ ಇರುವ ತೋಟ. ಚಿತ್ರ ವರ್ಗದ ಗೋಡೆಯನ್ನು ಮುಚ್ಚಿಟ್ಟಿಲ್ಲ.

ಪರದೆಪಕ್ಕ

ಬಳಗದ ಮಾತು ಒಪ್ಪುತ್ತೇನೆ. ಗೆಳೆಯರ ಗುಂಪು ಒಂದೇ ಬಣ್ಣದ್ದಾಗಿರುವುದು ನಂಬಲಾಗದ ಸಂಗತಿ ಏನಲ್ಲ. ಆದರೆ ಪೋರ್ಟೊಬೆಲ್ಲೊ ರಸ್ತೆ ಒಂದೇ ನಾಟಿಂಗ್ ಹಿಲ್ಲಿನಲ್ಲಿ ಇಲ್ಲ. ದಕ್ಷಿಣದ ತೋಟದ ಮನೆಗಳ ಹತ್ತಿರ ಶುರುವಾಗಿ, ವೆಸ್ಟ್‌ವೇ ಮೇಲ್ಸೇತುವೆಯ ಕೆಳಗೆ ಹಾದು, ಉತ್ತರದ ಗೋಲ್ಬೋರ್ನ್ ಕಡೆಗೆ ಹೋಗುತ್ತದೆ. ವಿಲಿಯಂ ದಿನಾ ನಡೆಯುವುದು ಆ ರಸ್ತೆಯಲ್ಲಿ, ಅಂಗಡಿ ಇಟ್ಟಿರುವುದೂ ಅಲ್ಲೇ. ಬಳಗ ಸಹಜ ಅನ್ನಿ, ಗಿರಾಕಿಗಳು? ಪಕ್ಕದ ಮಳಿಗೆಯವರು?

ಪಾತ್ರಪಟ್ಟಿ

ಮಾತಿರುವ ಪಾತ್ರಗಳ ಕಡೆ ಬರೋಣ. ಕ್ರೆಡಿಟ್ ಪಟ್ಟಿ ಇಟ್ಟುಕೊಂಡು ನೋಡಿದರೆ ಎರಡು ಹೆಸರು ತುಂಬ ಹೇಳುತ್ತವೆ.

ಒಬ್ಬರು ಕ್ಲಾರ್ಕ್ ಪೀಟರ್ಸ್. ಒಳ್ಳೆಯ ಕಪ್ಪು ನಟ, ಲಂಡನ್ ರಂಗಭೂಮಿಯಲ್ಲಿ ಹೆಸರಾದವರು. ಈ ಚಿತ್ರದಲ್ಲಿ ಅವರು ನಾಟಿಂಗ್ ಹಿಲ್ಲಿನವರಲ್ಲ. ಅನ್ನಾಳ ‘ಹೀಲಿಕ್ಸ್’ ಚಿತ್ರದ ನಾಯಕನಟನಾಗಿ ರಿಟ್ಜ್ ಹೋಟೆಲಿನ ಕೋಣೆಯಲ್ಲಿ ಕುಳಿತಿರುತ್ತಾರೆ. ಕುದುರೆ ಪತ್ರಿಕೆಯ ವರದಿಗಾರನೆಂದು ಸುಳ್ಳು ಹೇಳಿ ಬಂದ ವಿಲಿಯಂ ಅವರನ್ನು ಸಂದರ್ಶಿಸುತ್ತಾನೆ. ಕಪ್ಪು ನಟನಿಗೆ ಮಾತು ಸಿಕ್ಕಿದ್ದು ಆ ಊರಿನ ನಿವಾಸಿಯಾಗಿ ಅಲ್ಲ, ಅನ್ನಾಳ ಜಗತ್ತಿನವನಾಗಿ.

ಇನ್ನೊಬ್ಬರು ಸಂಜೀವ್ ಭಾಸ್ಕರ್. ಪಟ್ಟಿಯಲ್ಲಿ ಅವರ ಪಾತ್ರದ ಹೆಸರೇ ‘ಹೋಟೆಲಿನಲ್ಲಿ ಜೋರಾಗಿ ಮಾತಾಡುವವನು’ ಅಂತ. ಪಕ್ಕದ ಮೇಜಿನಲ್ಲಿ ಕುಳಿತು ಅನ್ನಾ ಬಗ್ಗೆ ಹೊಲಸು ಮಾತಾಡುವ ಗುಂಪಿನಲ್ಲಿ ಒಬ್ಬ. ಅನ್ನಾ ಎದ್ದು ಬಂದು ಬಾಯಿ ಮುಚ್ಚಿಸುತ್ತಾಳೆ. ಭಾರತ ಮೂಲದ ಮುಖ ಕ್ಯಾಮೆರಾಗೆ ಹತ್ತಿರ ಬಂದು ಮಾತಾಡುವುದು ಆ ಒಂದು ಸಲ. ಖಳಪಾತ್ರ ಯಾರು ಮಾಡಿದರೂ ತಪ್ಪಲ್ಲ. ಎದುರು ತಕ್ಕಡಿಯಲ್ಲಿ ಇಡಲು ಇನ್ನೊಂದು ಪಾತ್ರ ಇಲ್ಲದಿದ್ದಾಗ ಅದೊಂದೇ ತೂಗುತ್ತದೆ.

ಕರ್ಟಿಸ್ ಇದನ್ನು ತಾವೇ ಒಪ್ಪಿಕೊಂಡಿದ್ದಾರೆ. 2023ರಲ್ಲಿ ಮಗಳ ಪ್ರಶ್ನೆಗೆ ಉತ್ತರಿಸುತ್ತ, ತಾನು ಓದಿದ ಶಾಲೆ, ಕಾಲೇಜಿನ ಗೆಳೆಯರು ಎಲ್ಲ ಒಂದೇ ಬಗೆಯವರು, ಬೇರೆಯವರ ಪಾತ್ರ ಬರೆಯಲು ತನಗೆ ಬಾರದು ಅನ್ನುವ ಭಾವನೆಗೆ ಜೋತುಬಿದ್ದೆ, ಅದು ದಡ್ಡತನ, ತಪ್ಪು ಅನ್ನುವ ಅರ್ಥದ ಮಾತಾಡಿದರು. ಆ ಭಾವನೆಯನ್ನು ನಾವು ಬಿಡಿಸಿ ನೋಡಬೇಕು, ಯಾಕೆಂದರೆ ಇವತ್ತಿಗೂ ಬರಹಗಾರರು ಹೇಳುವ ಕಾರಣ ಅದೇ. ಬರ್ನಿಯ ಸಂಭಾಷಣೆಯಲ್ಲಿ ಬಿಳಿಯನೇ ಆಡಬೇಕಾದ ಮಾತು ಯಾವುದಿದೆ? ಟೋನಿಯ ಹೋಟೆಲ್ ಮುಳುಗುವುದಕ್ಕೂ ಅವನ ಬಣ್ಣಕ್ಕೂ ಏನು ಸಂಬಂಧ? ಅವು ‘ಬಿಳಿಯರ ಪಾತ್ರ’ ಅಂತ ಬರೆದವಲ್ಲ, ಬಣ್ಣ ಬರೆಯದೆ ಬಿಟ್ಟವು. ಚಿತ್ರಕಥೆಯಲ್ಲಿ ಬಿಟ್ಟ ಆ ಖಾಲಿ ಜಾಗವನ್ನು ಕಾಸ್ಟಿಂಗ್ ರೂಢಿಯಂತೆ ಒಂದೇ ಬಣ್ಣದಿಂದ ತುಂಬಿತು. ಸೋರಿದ್ದು ಅಲ್ಲಿ.

ಕೈಮಾತು

ಎಲ್ಲರೂ ಬಣ್ಣ ಹಿಡಿದು ಕೂತಿದ್ದೀರಿ. ಅಂಗವಿಕಲರ ಪಾತ್ರ ಇಟ್ಟು ನೋಡಿದರೆ ಇದೇ ಬರಹಗಾರರ ಎರಡು ಚಿತ್ರಗಳ ನಡುವೆ ದೊಡ್ಡ ಅಂತರ ಕಾಣುತ್ತದೆ.

‘ನಾಟಿಂಗ್ ಹಿಲ್’ನ ಬೆಲ್ಲಾ ಗಾಲಿಕುರ್ಚಿಯಲ್ಲಿರುವವಳು. ಜೀನಾ ಮೆಕೀ ಘನತೆಯಿಂದ ಮಾಡಿದ್ದಾರೆ, ಆದರೆ ಅವರು ಗಾಲಿಕುರ್ಚಿ ಬಳಸುವ ನಟಿಯಲ್ಲ. ಹನಿಯ ಹುಟ್ಟುಹಬ್ಬದ ಊಟದಲ್ಲಿ ಕೊನೆಯ ಬ್ರೌನಿ ಅತ್ಯಂತ ದುಃಖಿಗೆ ಅಂತ ಪಂದ್ಯ ಕಟ್ಟುತ್ತಾರೆ. ಬೆಲ್ಲಾ ತನ್ನ ಕುರ್ಚಿಯನ್ನೂ ಮಕ್ಕಳಾಗದ ಸಂಗತಿಯನ್ನೂ ಮೇಜಿನ ಮೇಲೆ ಇಡುತ್ತಾಳೆ. ದೃಶ್ಯ ಮನಮುಟ್ಟುತ್ತದೆ. ಆದರೆ ಬೆಲ್ಲಾ ವಕೀಲೆ, ಆ ವಕೀಲಿಕೆಯನ್ನು ನಾವು ನೋಡುವುದಿಲ್ಲ. ರಾತ್ರಿ ಗಂಡ ಮ್ಯಾಕ್ಸ್ ಅವಳನ್ನು ಎತ್ತಿಕೊಂಡು ಮಹಡಿ ಹತ್ತುವುದನ್ನು ವಿಲಿಯಂ ಕಣ್ಣಿನಿಂದ ನೋಡುತ್ತೇವೆ. ಅವಳ ಕಷ್ಟ ಅವನಿಗೆ ಪ್ರೀತಿಯ ಪಾಠವಾಗುತ್ತದೆ.

‘ಫೋರ್ ವೆಡ್ಡಿಂಗ್ಸ್ ಅಂಡ್ ಎ ಫ್ಯೂನರಲ್’ (1994) ತೆಗೆದುಕೊಳ್ಳಿ. ನಾಯಕ ಚಾರ್ಲ್ಸ್‌ನ ತಮ್ಮ ಡೇವಿಡ್ ಕಿವುಡ. ಆಡಿದವರು ಡೇವಿಡ್ ಬೋವರ್, ಸ್ವತಃ ಕಿವುಡ ನಟ, ಬಳಸಿದ್ದು ನಿಜವಾದ ಬ್ರಿಟಿಷ್ ಸಂಜ್ಞಾ ಭಾಷೆ. ಅಣ್ಣತಮ್ಮ ಮದುವೆ ಮನೆಯಲ್ಲಿ ಸಂಜ್ಞೆಯಲ್ಲಿ ಪೋಲಿ ಮಾತಾಡಿಕೊಂಡು ನಗುತ್ತಾರೆ, ಸುತ್ತಲಿನವರಿಗೆ ತಿಳಿಯುವುದಿಲ್ಲ. ಕೊರತೆ ಅಲ್ಲ ಅದು, ಇಬ್ಬರ ಗುಟ್ಟಿನ ಭಾಷೆ. ಡೇವಿಡ್‌ನನ್ನು ಮೆಚ್ಚಿದ ಸೆರೀನಾ ಅವನ ಜೊತೆ ಮಾತಾಡಲೆಂದೇ ಸಂಜ್ಞೆ ಕಲಿತು ಬರುತ್ತಾಳೆ.

ಕೊನೆಯ ಮದುವೆಯಲ್ಲಿ ಪಾದ್ರಿ ‘ಆಕ್ಷೇಪ ಇದ್ದವರು ಹೇಳಿ’ ಅಂದಾಗ ಡೇವಿಡ್ ತಡೆಯುತ್ತಾನೆ. ಅವನ ಸಂಜ್ಞೆ ಅಲ್ಲಿದ್ದವರಿಗೆ ತಿಳಿಯದು, ಚಾರ್ಲ್ಸ್ ಅನುವಾದಿಸಬೇಕು. ‘ವರ ಬೇರೆಯವಳನ್ನು ಪ್ರೀತಿಸುತ್ತಿದ್ದಾನೆ’ ಅನ್ನುವುದನ್ನು ವರನೇ ತನ್ನ ಬಾಯಿಂದ ಇಡೀ ಚರ್ಚಿಗೆ ಕೇಳುವಂತೆ ಹೇಳಬೇಕಾಗುತ್ತದೆ! ಡೇವಿಡ್‌ಗೆ ಕಿವಿ ಕೇಳಿಸುತ್ತಿದ್ದರೆ ಅವನೇ ಕೂಗಿ ಹೇಳಿಬಿಡುತ್ತಿದ್ದ, ಚಾರ್ಲ್ಸ್ ಸುಮ್ಮನಿರಬಹುದಿತ್ತು. ಚಿತ್ರದ ಗಂಟು ಬಿಚ್ಚುವುದೇ ಕಿವುಡನ ಭಾಷೆಯಿಂದ. ಆಗಿನ್ನೂ ಬ್ರಿಟನ್ ಸರ್ಕಾರ ಆ ಭಾಷೆಯನ್ನು ಭಾಷೆಯೆಂದು ಮಾನ್ಯ ಮಾಡಿರಲಿಲ್ಲ. ಮಾನ್ಯತೆ ಬಂದದ್ದು 2003ರಲ್ಲಿ, ಕಾಯ್ದೆ 2022ರಲ್ಲಿ.

ನೋಡುವವರಿಗೆ ಒಂದು ಸೂಚನೆ. ಸಂಜ್ಞೆಗೆ ಬರುವ ಸಬ್‌ಟೈಟಲ್ ಕೆಲವು ಪ್ರತಿಗಳಲ್ಲಿ ಚಿತ್ರದ ಮೇಲೇ ಅಚ್ಚಾಗಿರುತ್ತದೆ, ಕೆಲವದರಲ್ಲಿ ಬೇರೆ ಟ್ರ್ಯಾಕ್ ಆಗಿರುತ್ತದೆ. ಸಬ್‌ಟೈಟಲ್ ಆಫ್ ಇಟ್ಟು ನೋಡಿದಾಗ ಅಣ್ಣತಮ್ಮ ಸುಮ್ಮನೆ ಕೈ ಆಡಿಸುವಂತೆ ಕಂಡರೆ ಆ ಟ್ರ್ಯಾಕ್ ಬಿದ್ದುಹೋಗಿದೆ ಅಂತ ಅರ್ಥ. ಆನ್ ಮಾಡಿ ಮತ್ತೆ ನೋಡಿ, ಇಲ್ಲದಿದ್ದರೆ ಡೇವಿಡ್‌ನ ಅರ್ಧ ಪಾತ್ರ ನಿಮಗೆ ಸಿಗುವುದಿಲ್ಲ.

ಚಿತ್ರ ಮಾಡುವವರಿಗೂ ಒಂದು. ಸಂಜ್ಞೆ ಮಾಡುವವರನ್ನು ಸೊಂಟದಿಂದ ತಲೆಯ ಮೇಲಿನವರೆಗೆ, ಎರಡೂ ಮೊಣಕೈ ಒಳಗೆ ಬರುವಂತೆ ಹಿಡಿಯಬೇಕು. ಮುಖದ ಕ್ಲೋಸಪ್‌ಗೆ ಹೋದರೆ ಮಾತೇ ಕತ್ತರಿಸಿದಂತೆ. ಕೈ ಇಳಿಯುವ ಮೊದಲೇ ಕೇಳುವವನ ಮುಖಕ್ಕೆ ಕಟ್ ಮಾಡುವುದು ಎಲ್ಲರೂ ಮಾಡುವ ತಪ್ಪು. ವಾಕ್ಯದ ಕೊನೆಯ ಪದ ಅಲ್ಲೇ ಹೋಗುತ್ತದೆ.

ಕತ್ತರಿಮೇಜು

ಕೈಮಾತು ಅವರೇ, ಚಾರ್ಲ್ಸ್ ಅನುವಾದದ ವಿಷಯ ಇಷ್ಟು ಸ್ಪಷ್ಟವಾಗಿ ನನಗೆ ಹೊಳೆದಿರಲಿಲ್ಲ. ಮತ್ತೆ ನೋಡುತ್ತೇನೆ.

ನೀಲಿಕೊಡೆ

ಅದೇ ‘ಫೋರ್ ವೆಡ್ಡಿಂಗ್ಸ್’ ಚಿತ್ರದ ಸಲಿಂಗಿ ಜೋಡಿ ಗ್ಯಾರೆತ್ ಮತ್ತು ಮ್ಯಾಥ್ಯೂ ಬಗ್ಗೆ ಹೇಳದಿದ್ದರೆ ಈ ಚರ್ಚೆ ಅರ್ಧ. ಗ್ಯಾರೆತ್ ಆಗಿ ಸೈಮನ್ ಕ್ಯಾಲೋ, ತಾನು ಸಲಿಂಗಿ ಅಂತ 1984ರಲ್ಲೇ ಪುಸ್ತಕದಲ್ಲಿ ಬರೆದಿದ್ದ ನಟ. ಮ್ಯಾಥ್ಯೂ ಆಗಿ ಜಾನ್ ಹ್ಯಾನಾ. ಚಿತ್ರ ಬಂದ ವರ್ಷದ ಬ್ರಿಟನ್ ಹೇಗಿತ್ತು ಅಂದರೆ, 1994ರ ಫೆಬ್ರವರಿಯಲ್ಲಿ ಸಂಸತ್ತು ಸಲಿಂಗಿ ಗಂಡಸರ ಸಮ್ಮತಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲು ಒಪ್ಪಿತು, ಉಳಿದವರಿಗಿದ್ದ 16ಕ್ಕೆ ಇಳಿಸಲು ಒಪ್ಪಲಿಲ್ಲ. ಶಾಲೆಗಳಲ್ಲಿ ಈ ವಿಷಯ ಎತ್ತಲು ಅಂಜಿಸಿದ್ದ 1988ರ 28ನೇ ಕಲಮು ಜಾರಿಯಲ್ಲಿತ್ತು.

ಅಂಥ ಹೊತ್ತಿನಲ್ಲಿ ಗ್ಯಾರೆತ್ ಸಾಯುವುದು ಏಡ್ಸ್‌ನಿಂದಲ್ಲ. ಮದುವೆ ಮನೆಯಲ್ಲಿ ಮನಸಾರೆ ಕುಣಿದು ಹೃದಯಾಘಾತದಿಂದ. ಆ ಕಾಲದ ಚಿತ್ರಗಳಲ್ಲಿ ಸಲಿಂಗಿಯ ಸಾವು ಅಂದರೆ ಒಂದೇ ರೋಗ ಅನ್ನುವಂತಿದ್ದಾಗ ಇದು ಸಣ್ಣ ನಿರ್ಧಾರವಲ್ಲ. ಶವಸಂಸ್ಕಾರದಲ್ಲಿ ಪಾದ್ರಿ ಮ್ಯಾಥ್ಯೂನನ್ನು ಕರೆಯುವುದು ‘ಅತ್ಯಂತ ಆಪ್ತ ಗೆಳೆಯ’ ಅಂತ, ಬೇರೆ ಪದ ಅವರ ಬಳಿ ಇರಲಿಲ್ಲ. ಮ್ಯಾಥ್ಯೂ ಮಾತು ಶುರು ಮಾಡುವುದೇ ಹೀಗೆ: ಗ್ಯಾರೆತ್‌ಗೆ ಮದುವೆಗಿಂತ ಶವಸಂಸ್ಕಾರ ಮೇಲು, ಒಂದು ದಿನ ತಾನೂ ಪಾಲ್ಗೊಳ್ಳಬಹುದಾದ ಸಮಾರಂಭಕ್ಕೆ ಉತ್ಸಾಹ ಬರುವುದು ಸುಲಭ ಅನ್ನುತ್ತಿದ್ದ. ಜನ ನಗುತ್ತಾರೆ. ಕಾನೂನು ಆ ಇಬ್ಬರಿಗೆ ಮದುವೆ ಕೊಡುವುದಿಲ್ಲ ಅನ್ನುವುದು ಆ ನಗೆಯೊಳಗೇ ಇದೆ. ಆಮೇಲೆ ಓದುವ ಆಡೆನ್ ಕವಿತೆಯಿಂದಾಗಿ ಆ ಕವಿಯ ಪುಟ್ಟ ಸಂಕಲನವೊಂದು ಲಕ್ಷಗಟ್ಟಲೆ ಖರ್ಚಾಯಿತು. ಇಂಗ್ಲೆಂಡಿನಲ್ಲಿ ಮೊದಲ ಸಲಿಂಗ ಮದುವೆ ನಡೆದದ್ದು 2014ರ ಮಾರ್ಚ್‌ನಲ್ಲಿ, ಚಿತ್ರ ಬಂದ 20 ವರ್ಷಕ್ಕೆ.

ಒಂದು ಕೊರತೆಯನ್ನೂ ಹೇಳಲೇಬೇಕು. ಗೆಳೆಯರಿಗೇ ಇವರಿಬ್ಬರು ಗಂಡಹೆಂಡಿರಂತೆ ಬದುಕಿದ್ದರು ಅನ್ನುವುದು ಹೊಳೆಯುವುದು ಒಬ್ಬ ಸತ್ತ ಮೇಲೆ. ಬದುಕಿದ್ದಾಗ ಚಿತ್ರ ಅವರಿಗೆ ಒಂದು ಮುತ್ತನ್ನೂ ಕೊಡಲಿಲ್ಲ. ಕೊನೆಯ ಫೋಟೊಗಳಲ್ಲಿ ಮ್ಯಾಥ್ಯೂ ಪಕ್ಕದಲ್ಲಿ ಹೊಸ ಸಂಗಾತಿ ಕಾಣುತ್ತಾನೆ ಅನ್ನುವುದು ಸಮಾಧಾನ.

ಧಾರವಾಡಪೇಡೆ

ಎಲ್ಲಾ ಛಲೋ ಬರದೀರಿ. ಆದ್ರ ಮೊದಲ ಪೋಸ್ಟಿನ್ಯಾಗ ಎಣಸೂಣು ಅಂದಿದ್ರಿ. ಹೆಂಗ ಎಣಸಬೇಕ್ರಿ? ಪದ್ಧತಿ ಹೇಳ್ರಿ, ಯಾವ ಚಿತ್ರಕ್ಕಾದ್ರೂ ಹಚ್ಚಬಹುದು.

ಪಾತ್ರಪಟ್ಟಿ

ಹೇಳುತ್ತೇನೆ. ಮೂರು ಸಲ ನೋಡಬೇಕು, ಒಂದೇ ಸಲಕ್ಕೆ ಎಲ್ಲ ಎಣಿಸಲು ಹೋದರೆ ಕೆಡುತ್ತದೆ.

ಮೊದಲ ಸಲ ದನಿ ಬಂದ್ ಮಾಡಿ. ‘ನಾಟಿಂಗ್ ಹಿಲ್’ 124 ನಿಮಿಷ. ಪ್ರತಿ ನಿಮಿಷದ 30ನೇ ಸೆಕೆಂಡಿಗೆ ನಿಲ್ಲಿಸಿ, ಫ್ರೇಮಿನಲ್ಲಿರುವವರನ್ನು ಎರಡು ಕಲಂ ಮಾಡಿ ಬರೆಯಿರಿ: ಫೋಕಸ್ ಒಳಗಿನವರು, ಹಿನ್ನೆಲೆಯಲ್ಲಿ ಮಸುಕಾದವರು. ಕೊನೆಯ ಹೆಸರುಗಳನ್ನು ಬಿಟ್ಟರೆ ನೂರಕ್ಕೂ ಮೇಲೆ ಫ್ರೇಮ್ ಸಿಗುತ್ತವೆ. ನಿಮಗೆ ಬೇಕಾದಲ್ಲಿ ನಿಲ್ಲಿಸಬೇಡಿ, ಗಡಿಯಾರ ಹೇಳಿದಲ್ಲೇ ನಿಲ್ಲಿಸಿ. ಇಲ್ಲದಿದ್ದರೆ ನಿಮ್ಮ ವಾದಕ್ಕೆ ಬೇಕಾದ ಫ್ರೇಮ್‌ಗಳೇ ಸಿಗುತ್ತವೆ.

ಎರಡನೇ ಸಲ ಮಾತು. ಸಬ್‌ಟೈಟಲ್ ಹಚ್ಚಿ ನೋಡುತ್ತ ಪ್ರತಿ ಸಾಲಿನ ಎದುರು ಆಡಿದವರ ಹೆಸರು ಕೈಯಾರೆ ಬರೆಯಬೇಕು, ಸಾಮಾನ್ಯ ಸಬ್‌ಟೈಟಲ್‌ನಲ್ಲಿ ಆ ಹೆಸರು ಇರುವುದಿಲ್ಲ. ಸಾಲು ಎಣಿಸಬೇಡಿ, ಪದ ಎಣಿಸಿ. ‘ಹೌದು’ ಕೂಡ ಒಂದು ಸಾಲು, ಅನ್ನಾ ಪುಸ್ತಕದಂಗಡಿಯಲ್ಲಿ ನಿಂತು ಹೇಳುವ ಮಾತೂ ಒಂದು ಸಾಲು ಆಗಿಬಿಟ್ಟರೆ ಲೆಕ್ಕಕ್ಕೆ ಅರ್ಥವಿಲ್ಲ.

ಮೂರನೇ ಸಲ ತೂಕ. ಒಂದೊಂದು ಪಾತ್ರಕ್ಕೂ ಐದು ಪ್ರಶ್ನೆ: ಹೆಸರಿದೆಯೇ? ಕೆಲಸ ಅಥವಾ ಮನೆ ತೋರಿಸಿದ್ದಾರೆಯೇ? ನಾಯಕ ಇಲ್ಲದ ದೃಶ್ಯದಲ್ಲಿ ಇನ್ನೊಬ್ಬರ ಜೊತೆ ಮಾತಾಡುತ್ತಾರೆಯೇ? ಎರಡನೇ ಸಲ ಬರುತ್ತಾರೆಯೇ? ಅವರನ್ನು ತೆಗೆದರೆ ಕಥೆ ಮುರಿಯುತ್ತದೆಯೇ? ಡೇವಿಡ್‌ಗೆ ಐದನೇ ಪ್ರಶ್ನೆಗೆ ಹೌದು. ಜೋರಾಗಿ ಮಾತಾಡುವವನಿಗೆ ಮೊದಲನೆಯದಕ್ಕೇ ಇಲ್ಲ.

ಎಲ್ಲಿ ತಪ್ಪುತ್ತದೆ? ಹಿನ್ನೆಲೆಯ ಒಬ್ಬರೇ ನಾಲ್ಕು ಫ್ರೇಮಿನಲ್ಲಿ ಸಿಕ್ಕರೆ ನಾಲ್ಕು ಜನ ಆಗಿಬಿಡುತ್ತಾರೆ. ಅದಕ್ಕೆ ಹಿನ್ನೆಲೆಯವರನ್ನು ದೃಶ್ಯಕ್ಕೆ ಒಮ್ಮೆ ಮಾತ್ರ ಎಣಿಸಿ. ಮುಖ ನೋಡಿ ಜನಾಂಗ ಊಹಿಸುವುದು ದೊಡ್ಡ ತಪ್ಪು, ‘ಹೇಳಲಾಗದು’ ಅನ್ನುವ ಕಲಂ ಇಡಿ, ಅದನ್ನು ಯಾವ ಕಡೆಗೂ ಕೂಡಬೇಡಿ. ಮೊದಲ 20 ನಿಮಿಷವನ್ನು ಇಬ್ಬರು ಬೇರೆಬೇರೆಯಾಗಿ ಎಣಿಸಿ ಹೋಲಿಸಿ. ವ್ಯತ್ಯಾಸ ಹೆಚ್ಚಿದ್ದರೆ ನಿಯಮವನ್ನೇ ತಿದ್ದಿ ಮೊದಲಿಂದ ಶುರು ಮಾಡಿ. ಶೇಕಡಾ ಬರೆಯುವಾಗ ಮೂಲ ಸಂಖ್ಯೆಯನ್ನೂ ಬರೆಯಿರಿ. 12 ಪಾತ್ರದಲ್ಲಿ ಒಬ್ಬರು ಹೆಚ್ಚಾದರೆ ಶೇ. 8 ಏರುತ್ತದೆ.

ಮೂರನೇಸಾಲು

ಹೋಲಿಕೆ ಯಾವುದರ ಜೊತೆ? ಲಂಡನ್ ಸರಾಸರಿಯೋ, ಬಡಾವಣೆಯದೋ? ಇದು ಬಗೆಹರಿಯದೆ ಕೊರತೆ ಎಷ್ಟು ಅಂತ ಹೇಳುವಂತಿಲ್ಲ.

ಪಾತ್ರಪಟ್ಟಿ

ಒಳ್ಳೆಯ ಪ್ರಶ್ನೆ ಸರ್. ಚಿತ್ರೀಕರಣ 1998ರಲ್ಲಿ ಆದ್ದರಿಂದ 1991ರ ಜನಗಣತಿ ಬಳಸಬೇಕು. ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಆಡಳಿತ ಪ್ರದೇಶದ ಸರಾಸರಿ ತೆಗೆದುಕೊಂಡರೆ ದಕ್ಷಿಣದ ಸಿರಿವಂತರು ಉತ್ತರದವರನ್ನು ಮುಚ್ಚಿಬಿಡುತ್ತಾರೆ, ಅದಕ್ಕೆ ವಾರ್ಡ್ ಮಟ್ಟದ ಅಂಕಿ ಬೇಕು. ನೀವು ಹೇಳಿದ ಬಳಗದ ವಾದಕ್ಕೂ ಇದರಲ್ಲಿ ಜಾಗ ಇದೆ. ಮನೆಯೊಳಗಿನ ದೃಶ್ಯ ಒಂದು ಪಟ್ಟಿ, ಬೀದಿಯ ದೃಶ್ಯ ಇನ್ನೊಂದು ಪಟ್ಟಿ ಮಾಡಿ. ವಾರ್ಡಿನ ಅಂಕಿಯ ಜೊತೆ ಬೀದಿಯ ಪಟ್ಟಿಯನ್ನು ಮಾತ್ರ ಹೋಲಿಸಿ.

ಮೂರನೇಸಾಲು

ಬೀದಿ, ಮನೆ ಬೇರೆ ಮಾಡುವುದಾದರೆ ನನ್ನ ಆಕ್ಷೇಪ ಇಲ್ಲ. ಬೀದಿಯ ಪಟ್ಟಿಯ ಮುಂದೆ ನನ್ನ ‘ಸಹಜ’ ಅನ್ನುವ ಮಾತು ನಿಲ್ಲುವುದಿಲ್ಲ ಅಂತಲೂ ಕಾಣುತ್ತದೆ.

ನೀಲಿಕೊಡೆ

ಈ ಬರಹಗಾರರ ಪಾತ್ರಗಳಿಗೆ ಬೇರೆ ಮುಖ ಕೊಟ್ಟ ಪ್ರಯತ್ನವೂ ನಡೆದಿದೆ. 2019ರಲ್ಲಿ ಮಿಂಡಿ ಕೇಲಿಂಗ್ ಮತ್ತು ಮ್ಯಾಟ್ ವಾರ್ಬರ್ಟನ್ ‘ಫೋರ್ ವೆಡ್ಡಿಂಗ್ಸ್’ ಹೆಸರಿನಲ್ಲೇ 10 ಕಂತಿನ ಸರಣಿ ಮಾಡಿದರು. ನಥಾಲಿ ಇಮ್ಯಾನುಯೆಲ್, ನಿಕೇಶ್ ಪಟೇಲ್ ಮುಖ್ಯ ಪಾತ್ರದಲ್ಲಿ. ನಿಕೇಶ್‌ನ ಪಾತ್ರ ಕಾಶ್‌ಗೆ ತಂದೆ ಇದ್ದಾರೆ, ಮಸೀದಿ ಇದೆ, ಮನೆಯ ನಿರೀಕ್ಷೆಗಳಿವೆ. ಬಣ್ಣ ಬದಲಿಸಿ ಸುಮ್ಮನಾಗಲಿಲ್ಲ, ಅದು ಮೆಚ್ಚಬೇಕಾದ್ದು. ಅದೇ 2019ರಲ್ಲಿ ಕರ್ಟಿಸ್ ಬರೆದ ‘ಯೆಸ್ಟರ್‌ಡೇ’ಯಲ್ಲಿ ನಾಯಕ ಹಿಮೇಶ್ ಪಟೇಲ್.

ಕತ್ತರಿಮೇಜು

ಎಲ್ಲಕ್ಕಿಂತ ಒಳ್ಳೆಯ ಉತ್ತರ ‘ರೈ ಲೇನ್’ (2023), ರೇನ್ ಆ್ಯಲೆನ್-ಮಿಲ್ಲರ್ ನಿರ್ದೇಶನ, 82 ನಿಮಿಷ. ದಕ್ಷಿಣ ಲಂಡನ್ನಿನ ಪೆಕ್ಯಮ್, ಬ್ರಿಕ್ಸ್‌ಟನ್ ಬೀದಿಗಳಲ್ಲಿ ಡಾಮ್, ಯಾಸ್ ಅನ್ನುವ ಇಬ್ಬರು ಕಪ್ಪು ಹುಡುಗ ಹುಡುಗಿ ಒಂದು ದಿನ ನಡೆಯುತ್ತಾರೆ. ಪೋರ್ಟೊಬೆಲ್ಲೊ ನಡಿಗೆಯ ಜೊತೆ ಇಟ್ಟು ನೋಡಿ. ಅಲ್ಲಿ ಕಣ್ಣು ವಿಲಿಯಂ ಮೇಲೆ ನೆಟ್ಟಿರುತ್ತದೆ. ಇಲ್ಲಿ ತುಂಬ ಅಗಲವಾದ ಲೆನ್ಸ್ ಬಳಸಿದ್ದಾರೆ, ಅಂಥ ಲೆನ್ಸ್‌ನಲ್ಲಿ ಹಿಂದಿನವರು ಮಸುಕಾಗುವುದಿಲ್ಲ. ಮಾಂಸದಂಗಡಿ, ಬಟ್ಟೆಯಂಗಡಿ, ಬೀದಿಯಲ್ಲಿ ತಮ್ಮ ಪಾಡಿಗೆ ತಾವಿರುವ ಜನ, ಎಲ್ಲ ಫ್ರೇಮಿನ ಅಂಚಿನವರೆಗೂ ಕಾಣುತ್ತದೆ. ಪಾತ್ರಪಟ್ಟಿ ಅವರ ಎರಡು ಕಲಂ ಲೆಕ್ಕ ಇಲ್ಲಿ ಹಾಕಿದರೆ ‘ಮಸುಕಾದವರು’ ಕಲಂ ಬಹುಪಾಲು ಖಾಲಿ ಉಳಿಯುತ್ತದೆ.

ಒಂದು ದೃಶ್ಯದಲ್ಲಿ ಇಬ್ಬರೂ ಬರೀಟೊ ಅಂಗಡಿಗೆ ಹೋಗುತ್ತಾರೆ. ಅಂಗಡಿಯ ಹೆಸರು ಕರ್ಟಿಸ್ ಅವರ 2003ರ ‘ಲವ್ ಆ್ಯಕ್ಚುಯಲಿ’ ಮೇಲಿನ ಪದಚೇಷ್ಟೆ. ಒಳಗೆ ನಿಂತು ಬಡಿಸುವವರು ಕಾಲಿನ್ ಫರ್ತ್, ಆ ಚಿತ್ರದ ನಾಯಕರಲ್ಲಿ ಒಬ್ಬರು. ಡಾಮ್ ಮತ್ತು ಯಾಸ್ ಪೊಟ್ಟಣ ತೆಗೆದುಕೊಂಡು ಹೊರಡುತ್ತಾರೆ, ಕ್ಯಾಮೆರಾ ಅವರ ಜೊತೆಗೇ ಹೋಗುತ್ತದೆ.